ಮುಳುಗಿದ ಪುಟ್ಟ ಸಬ್‌ಮರೀನ್‌ ಹುಡುಕಲು ಮನೆಯಲ್ಲೇ ಮಾಡಿದ ಪಿಂಗರ್, ಹೈಡ್ರೋಫೋನ್

ಮಾಡೆಲ್ ಸಬ್‌ಮರೀನ್ ಅಥವಾ ಪುಟ್ಟ ಆರ್‌ಒವಿ (ಕೇಬಲ್ ಮೂಲಕ ಮೇಲಿನಿಂದ ನಡೆಸುವ ನೀರೊಳಗಿನ ರೋಬೋಟ್) ಕಟ್ಟುವವರು ದುಡ್ಡು ಸುರಿಯುವುದು ಮೋಟರ್‌ಗೆ, ಕ್ಯಾಮೆರಾಗೆ. ಅದು ಕಳೆದುಹೋದರೆ ಹುಡುಕುವುದು ಹೇಗೆ ಅನ್ನುವ ಪ್ರಶ್ನೆ ಬರುವುದು ಕೇಬಲ್ ತುಂಡಾದ ಮೇಲೆ. ನಮ್ಮ ಕೆರೆ, ಕ್ವಾರಿಗಳ ನೀರು ಈಜುಕೊಳದ ಹಾಗೆ ತಿಳಿಯಾಗಿರುವುದಿಲ್ಲ. ಎರಡಾಳು ಆಳಕ್ಕೆ ಹೋದರೆ ಸಾಕು, ಗಾಢ ಹಳದಿ ಬಣ್ಣ ಬಳಿದಿದ್ದರೂ ಕಾಣುವುದಿಲ್ಲ. ಜಿಪಿಎಸ್ ನೀರೊಳಗೆ ಸಿಗುವುದಿಲ್ಲ. ವೈಫೈ, ಬ್ಲೂಟೂತ್, 2.4 ಗಿಗಾಹರ್ಟ್ಸ್ ರಿಮೋಟ್ ಎಲ್ಲವೂ ಕೆಲವೇ ಸೆಂಟಿಮೀಟರ್ ನೀರಿಗೆ ಸುಸ್ತಾಗುತ್ತವೆ. ನೀರೊಳಗೆ ದೂರ ಹೋಗುವುದು ಶಬ್ದ ಒಂದೇ.

ಅದು ಚೆನ್ನಾಗಿಯೇ ಹೋಗುತ್ತದೆ. 1826ರಲ್ಲಿ ಜಿನೀವಾ ಸರೋವರದಲ್ಲಿ ಡೇನಿಯಲ್ ಕೊಲಾಡಾನ್ ಮತ್ತು ಚಾರ್ಲ್ಸ್ ಸ್ಟರ್ಮ್ ನೀರೊಳಗೆ ಗಂಟೆ ಹೊಡೆದು, ಹತ್ತು ಕಿಲೋಮೀಟರ್‌ಗೂ ದೂರದ ಇನ್ನೊಂದು ದೋಣಿಯಲ್ಲಿ ಅದನ್ನು ಕೇಳಿಸಿಕೊಂಡರು. ಗಂಟೆ ಹೊಡೆದ ಕ್ಷಣಕ್ಕೇ ಮದ್ದು ಹೊತ್ತಿಸಿ ಬೆಳಕಿನ ಸನ್ನೆ ಕೊಡುತ್ತಿದ್ದರು. ಕೇಳಲು ಇದ್ದದ್ದು ನೀರಿಗಿಳಿಸಿದ ಉದ್ದನೆಯ ತಗಡಿನ ಕೊಳವೆ, ಅಷ್ಟೇ. 8 ಡಿಗ್ರಿ ತಣ್ಣಗಿನ ನೀರಿನಲ್ಲಿ ಅವರಿಗೆ ಸಿಕ್ಕ ವೇಗ ಸೆಕೆಂಡಿಗೆ 1,435 ಮೀಟರ್. ಇವತ್ತಿನ ಅಳತೆಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ನಮ್ಮ ಬೆಚ್ಚಗಿನ ಕೆರೆ ನೀರಿನಲ್ಲಿ, 25 ಡಿಗ್ರಿ ಅಂದುಕೊಳ್ಳಿ, ಸೆಕೆಂಡಿಗೆ ಸುಮಾರು 1,497 ಮೀಟರ್. ಲೆಕ್ಕಕ್ಕೆ ಒಂದು ಮಿಲಿಸೆಕೆಂಡಿಗೆ ಒಂದೂವರೆ ಮೀಟರ್ ಅಂತ ಇಟ್ಟುಕೊಂಡರೆ ಸಾಕು.

ಇಲ್ಲಿ ಹೇಳುತ್ತಿರುವುದು ಎರಡು ಸಾಮಾನು ಮಾಡುವ ಬಗೆ. ಒಂದು, ಸಬ್‌ಮರೀನ್ ಬೆನ್ನ ಮೇಲೆ ಕೂತು ಸೆಕೆಂಡಿಗೊಮ್ಮೆ ‘ಟಿಕ್’ ಅನ್ನುವ ಪಿಂಗರ್. ಇನ್ನೊಂದು, ದಡದಿಂದಲೋ ದೋಣಿಯಿಂದಲೋ ಆ ಟಿಕ್ ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳುವ ಹೈಡ್ರೋಫೋನ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಎಲೆಕ್ಟ್ರಾನಿಕ್ಸ್ ಪೂರ್ತಿ ಸಿಗುತ್ತದೆ. ಉಳಿದದ್ದು ಹಾರ್ಡ್‌ವೇರ್ ಅಂಗಡಿಯ ಮಾಲು.

ಮೊದಲು ಫ್ರೀಕ್ವೆನ್ಸಿ ತೀರ್ಮಾನ ಮಾಡಿ

ವಿಮಾನದ ಬ್ಲ್ಯಾಕ್ ಬಾಕ್ಸ್‌ಗೆ ಕಟ್ಟುವ ಪಿಂಗರ್ 37.5 ಕಿಲೋಹರ್ಟ್ಸ್‌ನಲ್ಲಿ ಕೂಗುತ್ತದೆ. ಇಂಟರ್‌ನೆಟ್‌ನಲ್ಲಿ ಓದಿದವರು ಮೊದಲು ಕೈಹಾಕುವುದೂ ಇದಕ್ಕೇ, ಇಲ್ಲವೇ ಅಂಗಡಿಯಲ್ಲಿ ಸುಲಭವಾಗಿ ಸಿಗುವ 40 ಕಿಲೋಹರ್ಟ್ಸ್ ಅಲ್ಟ್ರಾಸಾನಿಕ್ ಸೆನ್ಸರ್‌ಗೆ. ಎರಡೂ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಆ ಅಲ್ಟ್ರಾಸಾನಿಕ್ ಸೆನ್ಸರ್ ಗಾಳಿಗಾಗಿ ಮಾಡಿದ್ದು. ಶಬ್ದಕ್ಕೆ ಗಾಳಿ ಒಡ್ಡುವ ತಡೆಗೂ ನೀರು ಒಡ್ಡುವ ತಡೆಗೂ ಸುಮಾರು 3,500 ಪಟ್ಟು ವ್ಯತ್ಯಾಸ. ಗಾಳಿಯನ್ನು ಅಲುಗಿಸಲು ಮಾಡಿದ ತೆಳು ಕೋನ್ ನೀರನ್ನು ಅಲುಗಿಸಲಾರದು. ‘ವಾಟರ್‌ಪ್ರೂಫ್’ ಅಂತ ಬರೆದಿರುವ ಸೆನ್ಸರ್‌ಗಳೂ ಮಳೆಗೆ ತಡೆಯುತ್ತವೆ ಅಂತಲೇ ಹೊರತು ನೀರೊಳಗೆ ಕೆಲಸ ಮಾಡುತ್ತವೆ ಅಂತಲ್ಲ.

37.5ರ ತೊಂದರೆ ಬೇರೆ. ಅದು ನಮ್ಮ ಕಿವಿಗೆ ಕೇಳುವುದಿಲ್ಲ. ಕೇಳುವ ಮಟ್ಟಕ್ಕೆ ಇಳಿಸಲು ಮಿಕ್ಸರ್ ಸರ್ಕ್ಯೂಟ್ ಬೇಕು. ಅದು ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಆಸಿಲೋಸ್ಕೋಪ್ ಬೇಕು. ಅದರ ಬದಲು 8ರಿಂದ 10 ಕಿಲೋಹರ್ಟ್ಸ್ ನಡುವೆ ಇಟ್ಟುಕೊಳ್ಳಿ. ಕಿವಿಗೆ ನೇರವಾಗಿ ಕೇಳುತ್ತದೆ. ಫೋನಿನ ಮೈಕ್ ಹಿಡಿಯುತ್ತದೆ, ಸ್ಪೆಕ್ಟ್ರಾಯ್ಡ್‌ನಂಥ ಪುಕ್ಕಟೆ ಆ್ಯಪ್‌ನಲ್ಲಿ ಗೆರೆಯಾಗಿ ಕಾಣುತ್ತದೆ. ನೀರಿನ ಅಲೆ, ದೂರದ ಪಂಪ್‌ಸೆಟ್, ದೋಣಿ ಮೋಟರ್, ಇವುಗಳ ಗದ್ದಲ ಹೆಚ್ಚಾಗಿ ಇದಕ್ಕಿಂತ ಕೆಳಗಿರುತ್ತದೆ. ನೀರು ನುಂಗುವುದೂ ಕಡಿಮೆ. ಸಮುದ್ರದಲ್ಲೇ 10 ಕಿಲೋಹರ್ಟ್ಸ್ ಶಬ್ದ ಕಿಲೋಮೀಟರಿಗೆ ಸುಮಾರು 1 ಡೆಸಿಬೆಲ್ ಕಳೆದುಕೊಳ್ಳುತ್ತದೆ. ಸಿಹಿನೀರಿನಲ್ಲಿ ಅದೂ ಇಲ್ಲ.

ಒಂದು ಮಾತು ಮಾತ್ರ ನೆನಪಿಡಿ. ಮನುಷ್ಯರು ಒಳಗೆ ಕೂರುವ ಸಬ್‌ಮರೀನ್ ಆದರೆ ಈ ಲೇಖನ ಅದಕ್ಕಲ್ಲ. ಹುಡುಕಲು ಬರುವವರ ಹತ್ತಿರ ಇರುವ ರಿಸೀವರ್ ಕೇಳುವುದು ಅವರ ಫ್ರೀಕ್ವೆನ್ಸಿಯನ್ನು, ನೀವು ಆರಿಸಿಕೊಂಡದ್ದನ್ನಲ್ಲ. ಅಲ್ಲಿ ಪರೀಕ್ಷೆಯಾಗಿ ಬಂದ ಪಿಂಗರ್‌ನ್ನೇ ಕೊಂಡು ಹಾಕಬೇಕು.

ಪಿಂಗರ್: ಎರಡು ಐಸಿ, ಒಂದು 9 ವೋಲ್ಟ್ ಬ್ಯಾಟರಿ

ಪ್ರೋಗ್ರಾಂ ಬರೆದು ನಡೆಸುವ ಆರ್ಡುಯಿನೊ ಬೋರ್ಡಿನಲ್ಲೂ ಮಾಡಬಹುದು. ಆದರೆ ಕೆರೆಯ ತಳದಲ್ಲಿ ವಾರಗಟ್ಟಲೆ ಬಿದ್ದಿರಬೇಕಾದ ಸಾಮಾನಿಗೆ ಪ್ರೋಗ್ರಾಂ ಯಾಕೆ? ತೀರಾ ಕಡಿಮೆ ಕರೆಂಟ್ ಕುಡಿಯುವ ಹಳೇ ಕಾಲದ ಸಿಮಾಸ್ (CMOS) ಐಸಿ ಸಾಕು. ಬೇಕಾಗುವುದು ಇಷ್ಟು: ಸಿಡಿ4093 ಒಂದು, ಸಿಡಿ4049 ಒಂದು, 27 ಮಿಲಿಮೀಟರಿನ ಪೀಜೋ ಡಿಸ್ಕ್ ಎರಡು, 1ಎನ್4148 ಡಯೋಡ್, 100 ಕಿಲೋಓಮ್ ಪ್ರೀಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್), ನಾಲ್ಕಾರು ರೆಸಿಸ್ಟರ್, ಕೆಪಾಸಿಟರ್, ಒಂದು ತುಂಡು ವೆರೋಬೋರ್ಡ್. ಹಿತ್ತಾಳೆಯ ಮೇಲೆ ಬಿಳಿ ಪಿಂಗಾಣಿ ಅಂಟಿಸಿದ ಈ ಡಿಸ್ಕ್ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ. ವೋಲ್ಟೇಜ್ ಕೊಟ್ಟರೆ ನಡುಗಿ ಸದ್ದು ಮಾಡುತ್ತದೆ, ಸದ್ದು ಬಂದು ನಡುಗಿಸಿದರೆ ವೋಲ್ಟೇಜ್ ಕೊಡುತ್ತದೆ. ಬಜರ್‌ಗಳ ಒಳಗಿರುವುದೂ ಇದೇ.

4093ರಲ್ಲಿ ನಾಲ್ಕು ಗೇಟ್, ಅಂದರೆ ಇನ್‌ಪುಟ್ ನೋಡಿ ಔಟ್‌ಪುಟ್ ಏರಿಸಿ ಇಳಿಸುವ ಪುಟ್ಟ ಸರ್ಕ್ಯೂಟ್‌ಗಳು ಇವೆ. ಮೊದಲನೆಯದು ಸೆಕೆಂಡಿಗೊಮ್ಮೆ ‘ಈಗ ಕೂಗು’ ಅನ್ನುವ ಗಡಿಯಾರ. ಪಿನ್ 1 ಮತ್ತು 2 ಸೇರಿಸಿ. ಅಲ್ಲಿಂದ ಗ್ರೌಂಡಿಗೆ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್. ಎಲೆಕ್ಟ್ರೋಲಿಟಿಕ್ ಹಾಕಬೇಡಿ, ಅದರ ಸೋರಿಕೆಗೆ ಲೆಕ್ಕ ತಪ್ಪುತ್ತದೆ. ಔಟ್‌ಪುಟ್ ಆದ ಪಿನ್ 3ರಿಂದ ವಾಪಸ್ 1-2ಕ್ಕೆ 2.2 ಮೆಗಾಓಮ್. ಅದಕ್ಕೇ ಪ್ಯಾರಲಲ್ ಆಗಿ 47 ಕಿಲೋಓಮ್ ಮತ್ತು ಡಯೋಡ್ ಸೀರೀಸ್‌ನಲ್ಲಿ. ಡಯೋಡಿನ ಗೆರೆ ಇರುವ ತುದಿ ಪಿನ್ 1-2ರ ಕಡೆ ಬರಬೇಕು. ಹೀಗೆ ಮಾಡಿದರೆ ಔಟ್‌ಪುಟ್ ಸುಮಾರು 20 ಮಿಲಿಸೆಕೆಂಡ್ ಮೇಲಿದ್ದು, ಒಂದು ಸೆಕೆಂಡಿಗೆ ತುಸು ಕಡಿಮೆ ಹೊತ್ತು ಕೆಳಗಿರುತ್ತದೆ.

ಎರಡನೇ ಗೇಟ್ ಕೂಗುವುದು. ಪಿನ್ 3ನ್ನು ಪಿನ್ 5ಕ್ಕೆ ಕೊಡಿ. ಪಿನ್ 6ರಿಂದ ಗ್ರೌಂಡಿಗೆ 1 ನ್ಯಾನೋಫ್ಯಾರಡ್. ಪಿನ್ 4ರಿಂದ 6ಕ್ಕೆ 82 ಕಿಲೋಓಮ್ ಮತ್ತು ಪ್ರೀಸೆಟ್ ಸೀರೀಸ್‌ನಲ್ಲಿ. ಪ್ರೀಸೆಟ್ ತಿರುಗಿಸಿದಾಗ ಅಂದಾಜು 6.5ರಿಂದ 14 ಕಿಲೋಹರ್ಟ್ಸ್‌ವರೆಗೆ ಓಡಾಡುತ್ತದೆ. ‘ಅಂದಾಜು’ ಅಂದದ್ದು ಯಾಕೆಂದರೆ ಈ ಐಸಿ ಯಾವ ವೋಲ್ಟೇಜಿಗೆ ಮಗುಚುತ್ತದೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಪ್ರೀಸೆಟ್ ಇರುವುದೇ ಅದಕ್ಕೆ. ಫೋನಿನ ಆ್ಯಪ್ ನೋಡಿಕೊಂಡು ಹೊಂದಿಸಿ.

ಮೂರನೇ ಗೇಟಿನ 8, 9 ಸೇರಿಸಿ ಪಿನ್ 4ಕ್ಕೆ. ನಾಲ್ಕನೆಯದರ 12, 13 ಸೇರಿಸಿ ಮೂರನೆಯದರ ಔಟ್‌ಪುಟ್ ಪಿನ್ 10ಕ್ಕೆ. ಈಗ 10 ಮತ್ತು 11 ಒಂದಕ್ಕೊಂದು ಉಲ್ಟಾ ಕುಣಿಯುತ್ತವೆ. ಇವೆರಡರ ನಡುವೆ ಡಿಸ್ಕ್ ಕಟ್ಟಿದರೆ 9 ವೋಲ್ಟ್ ಬ್ಯಾಟರಿಯಿಂದಲೇ ಅದಕ್ಕೆ 18 ವೋಲ್ಟ್ ತೂಗಾಟ ಸಿಗುತ್ತದೆ. 4093ಕ್ಕೆ ಶಕ್ತಿ ಕಡಿಮೆ, ಡಿಸ್ಕ್ ಸುಮಾರು 20 ನ್ಯಾನೋಫ್ಯಾರಡ್ ಕೆಪಾಸಿಟರ್ ಇದ್ದ ಹಾಗೆ. ಅದಕ್ಕೇ ನಡುವೆ 4049 ಇಡುತ್ತೇವೆ. ಅದರ 3, 5, 7 ಒಟ್ಟು ಮಾಡಿ 4093ರ ಪಿನ್ 10ಕ್ಕೆ. ಔಟ್‌ಪುಟ್‌ಗಳಾದ 2, 4, 6 ಒಟ್ಟಾಗಿ 100 ಓಮ್ ಮೂಲಕ ಡಿಸ್ಕಿನ ಒಂದು ತಂತಿಗೆ. 9, 11, 14 ಒಟ್ಟು ಮಾಡಿ 4093ರ ಪಿನ್ 11ಕ್ಕೆ. ಅವುಗಳ ಔಟ್‌ಪುಟ್ 10, 12, 15 ಡಿಸ್ಕಿನ ಇನ್ನೊಂದು ತಂತಿಗೆ. ಪವರ್ ಪಿನ್ ಹುಷಾರು. 4093ಕ್ಕೆ ಪ್ಲಸ್ 14, ಮೈನಸ್ 7. 4049ಕ್ಕೆ ಪ್ಲಸ್ ಪಿನ್ 1, ಮೈನಸ್ ಪಿನ್ 8, ಮೂಲೆಗೆ ಮೂಲೆ ಅಲ್ಲ. ಎರಡೂ ಐಸಿಯ ಪಕ್ಕ 0.1 ಮೈಕ್ರೋಫ್ಯಾರಡ್, ಬ್ಯಾಟರಿಗೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್ ಹಾಕಿ.

ಸೆಕೆಂಡಿಗೆ 20 ಮಿಲಿಸೆಕೆಂಡ್ ಮಾತ್ರ ಕೂಗುವುದರಿಂದ ಕರೆಂಟ್ ತೀರಾ ಕಡಿಮೆ. ಒಳ್ಳೆಯ ಆಲ್ಕಲೈನ್ 9 ವೋಲ್ಟ್ ಬ್ಯಾಟರಿ ವಾರಗಟ್ಟಲೆ ಬರುತ್ತದೆ. ಆದ್ದರಿಂದ ಸ್ವಿಚ್ಚೇ ಬೇಡ. ನೀರಿಗೆ ಬಿಡುವ ಮುಂಚೆ ಬ್ಯಾಟರಿ ಸಿಕ್ಕಿಸಿ, ಮುಚ್ಚಳ ಹಾಕಿ. ಸ್ವಿಚ್ ಅಂದರೆ ಇನ್ನೊಂದು ತೂತು, ಇನ್ನೊಂದು ತೂತು ಅಂದರೆ ಇನ್ನೊಂದು ಸೋರಿಕೆ.

ಬ್ಯಾಟರಿ ವಿಷಯದಲ್ಲಿ ರಾಜಿ ಬೇಡ. ಸಬ್‌ಮರೀನ್‌ನ ಮೇನ್ ಬ್ಯಾಟರಿಯಿಂದ ಪಿಂಗರ್‌ಗೆ ತಂತಿ ಎಳೆಯಲೇಬೇಡಿ. ಮುಳುಗಿದ್ದೇ ಮೇನ್ ಬ್ಯಾಟರಿ ಸತ್ತಿದ್ದಕ್ಕೆ ಅಂದರೆ? ಬ್ಯಾಟರಿಯ ಮೇಲೆ ಹಾಕಿದ ತಾರೀಕು ಮಾರ್ಕರ್‌ನಲ್ಲಿ ಬರೆದಿಡಿ. 2014ರಲ್ಲಿ ಕಾಣೆಯಾದ ಮಲೇಷ್ಯಾದ ಎಂಎಚ್370 ವಿಮಾನದಲ್ಲಿ ಫ್ಲೈಟ್ ಡೇಟಾ ರೆಕಾರ್ಡರ್‌ಗೆ ಕಟ್ಟಿದ್ದ ಪಿಂಗರ್ ಬ್ಯಾಟರಿಯ ಅವಧಿ 2012ರ ಡಿಸೆಂಬರ್‌ನಲ್ಲೇ ಮುಗಿದಿತ್ತು ಅಂತ ತನಿಖಾ ವರದಿಯಲ್ಲಿ ಬಂತು. 2009ರಲ್ಲಿ ಅಟ್ಲಾಂಟಿಕ್‌ಗೆ ಬಿದ್ದ ಏರ್ ಫ್ರಾನ್ಸ್ 447ರ ಪಿಂಗರ್‌ಗಳೂ ಹುಡುಕುವವರಿಗೆ ಕೇಳಿಸಲಿಲ್ಲ. 2011ರಲ್ಲಿ ಅವಶೇಷ ಸಿಕ್ಕಿದ್ದು ಸೋನಾರ್ ಹೊತ್ತ ರೋಬೋಟ್‌ಗಳಿಂದ, ಸುಮಾರು 3,900 ಮೀಟರ್ ಆಳದಲ್ಲಿ. ಆಮೇಲೆ ಪಿಂಗರ್ 30 ದಿನದ ಬದಲು 90 ದಿನ ಕೂಗಬೇಕು ಅಂತ ನಿಯಮ ಬದಲಾಯಿತು.

ಡಿಸ್ಕ್ ಅಂಟಿಸುವುದು, ಡಬ್ಬಿ ಮುಚ್ಚುವುದು

ಸರ್ಕ್ಯೂಟ್ ಯಾರು ಬೇಕಾದರೂ ಮಾಡುತ್ತಾರೆ. ಪಿಂಗರ್ ಸೋಲುವುದು ಅಂಟಿನಲ್ಲಿ.

ಒಂದೂವರೆ ಇಂಚಿನ ಪಿವಿಸಿ ಪೈಪು, ಗೇಣುದ್ದ ಸಾಕು. ಒಂದು ತುದಿಗೆ 3 ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಬಿಲ್ಲೆ. ಇನ್ನೊಂದು ತುದಿಗೆ ಥ್ರೆಡ್ ಇರುವ ಕ್ಯಾಪ್. ಮಾಮೂಲಿ ಪಿವಿಸಿ ಎಂಡ್ ಕ್ಯಾಪ್ ಒಳಗಡೆ ಗುಮ್ಮಟದ ಹಾಗಿರುತ್ತದೆ, ಡಿಸ್ಕ್ ಅದಕ್ಕೆ ಕೂರುವುದಿಲ್ಲ. ಅದಕ್ಕೇ ಬಿಲ್ಲೆ. ಅಕ್ರಿಲಿಕ್‌ನ ಒಳಮೈಯನ್ನೂ ಹಿತ್ತಾಳೆಯ ಖಾಲಿ ಮೈಯನ್ನೂ 220 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ತೆಗೆದುಕೊಳ್ಳಿ. ಐದು ನಿಮಿಷದ್ದು ಬೇಡ. ಬಿಲ್ಲೆಯ ನಡುವೆ ಒಂದೇ ಒಂದು ಹನಿ ಇಟ್ಟು ಡಿಸ್ಕ್ ಒತ್ತಿ. ಅಂಟು ನಡುವಿನಿಂದ ಅಂಚಿಗೆ ಹರಡುತ್ತಾ ಹೋಗಬೇಕು. ಅಕ್ರಿಲಿಕ್ ಪಾರದರ್ಶಕ, ಹಾಗಾಗಿ ತಿರುಗಿಸಿ ಹೊರಗಿನಿಂದ ನೋಡಿ. ಬೆಳ್ಳಿ ಚುಕ್ಕೆಗಳ ಹಾಗೆ ಹೊಳೆಯುವುದೇನಾದರೂ ಕಂಡರೆ ಅದು ಗಾಳಿಗುಳ್ಳೆ. ಗಟ್ಟಿಯಾಗುವ ಮುಂಚೆ ಡಿಸ್ಕನ್ನು ಸ್ವಲ್ಪ ತಿರುಗಿಸುತ್ತಾ ಒತ್ತಿ ಅದನ್ನು ಹೊರದೂಡಿ. ಒಂದು ಗುಳ್ಳೆ ಉಳಿದರೂ ಶಬ್ದ ಅಲ್ಲಿಂದಲೇ ವಾಪಸ್ ಹೋಗುತ್ತದೆ. ಡಿಸ್ಕಿನ ಬೆನ್ನಿಗೆ, ಅಂದರೆ ಪೈಪಿನ ಒಳಗೆ, ಗಾಳಿ ಇದ್ದರೆ ಒಳ್ಳೆಯದೇ. ಶಕ್ತಿಯೆಲ್ಲ ಮುಂದಕ್ಕೆ ತಳ್ಳಲ್ಪಡುತ್ತದೆ.

ಪಿಂಗಾಣಿಗೆ ತಂತಿ ಬೆಸೆಯುವಾಗ ಸೋಲ್ಡರಿಂಗ್ ಐರನ್ ಎರಡು ಸೆಕೆಂಡಿಗಿಂತ ಜಾಸ್ತಿ ಇಡಬೇಡಿ. ಬಿಸಿ ಹೆಚ್ಚಾದರೆ ಬಿಳಿ ಬಣ್ಣದ ಮೇಲಿನ ಬೆಳ್ಳಿ ಪದರ ಎದ್ದು ಬರುತ್ತದೆ.

10 ಮೀಟರ್ ಆಳದಲ್ಲಿ ಹೊರಗಿನ ಒತ್ತಡ ಒಂದು ವಾತಾವರಣದಷ್ಟು ಹೆಚ್ಚು. 4 ಸೆಂಟಿಮೀಟರ್ ಬಿಲ್ಲೆಯ ಮೇಲೆ ಸುಮಾರು 13 ಕಿಲೋ ತೂಕ ಕೂತ ಲೆಕ್ಕ. 3 ಮಿಲಿಮೀಟರ್ ಅಕ್ರಿಲಿಕ್ ಇದನ್ನು ತಡೆಯುತ್ತದೆ. ಥ್ರೆಡ್ ಕ್ಯಾಪಿಗೆ ರಬ್ಬರ್ ಓ-ರಿಂಗ್, ಅದಕ್ಕೆ ಸಿಲಿಕೋನ್ ಗ್ರೀಸ್. ಬರೀ ಟೆಫ್ಲಾನ್ ಟೇಪ್ ನಂಬಿಕೊಂಡು ಕೂರಬೇಡಿ. ಮೊದಲ ಪರೀಕ್ಷೆಗೆ ಸರ್ಕ್ಯೂಟ್ ಒಳಗಿಡಬೇಡಿ. ಒಂದು ಒಣ ಟಿಶ್ಯೂ ಪೇಪರ್ ಮಡಿಸಿಟ್ಟು ಮುಚ್ಚಿ, ಕಲ್ಲು ಕಟ್ಟಿ, ತೆರೆದ ಬಾವಿಗೆ ರಾತ್ರಿ ಇಳಿಬಿಡಿ. ಬೆಳಗ್ಗೆ ಹೊರಮೈ ಚೆನ್ನಾಗಿ ಒರೆಸಿಯೇ ತೆರೆಯಿರಿ. ಇಲ್ಲದಿದ್ದರೆ ಥ್ರೆಡ್ಡಿನಲ್ಲಿದ್ದ ನೀರೇ ಒಳಗೆ ತೊಟ್ಟಿಕ್ಕಿ, ಸೋರಿತು ಅಂತ ಸುಮ್ನೆ ಗಾಬರಿ.

ಸಬ್‌ಮರೀನ್ ಮೇಲೆ ಎಲ್ಲಿ ಕಟ್ಟುವುದು? ಮೇಲ್ಗಡೆ, ತೇಲುವುದಕ್ಕೆ ಹಾಕಿರುವ ಫೋಮ್‌ನಿಂದ ದೂರ. ಫೋಮ್ ಅಂದರೆ ಗಾಳಿ, ಗಾಳಿ ಅಂದರೆ ಶಬ್ದಕ್ಕೆ ಗೋಡೆ. ಮಗುಚಿ ಬಿದ್ದು ಪಿಂಗರ್ ಮುಖ ಕೆಸರಿಗೆ ಹೂತರೆ ಏನೂ ಕೇಳಿಸುವುದಿಲ್ಲ. ಅದಕ್ಕೇ ಎರಡು ಡಿಸ್ಕ್ ತರಲು ಹೇಳಿದ್ದು. ಪೈಪಿನ ಎರಡೂ ತುದಿಗೆ ಒಂದೊಂದು, ಪ್ಯಾರಲಲ್ ಆಗಿ. ಥ್ರೆಡ್ ಕ್ಯಾಪಿನ ನಡುವೆ ದೊಡ್ಡ ತೂತು ಕೊರೆದು ಅಲ್ಲೂ ಬಿಲ್ಲೆ ಕೂರಿಸಬೇಕು. ಕೆಲಸ ಸ್ವಲ್ಪ ಹೆಚ್ಚು, ಆದರೆ ಬೇಕು.

ಹೈಡ್ರೋಫೋನ್: ಇಲ್ಲಿ ಹರಳೆಣ್ಣೆ ಕೆಲಸಕ್ಕೆ ಬರುತ್ತದೆ

ಕೇಳುವುದಕ್ಕೂ ಅದೇ ಬಗೆಯ ಡಿಸ್ಕ್, ಇನ್ನೂ ಎರಡು ಬೇಕು. ಅವನ್ನು ಪಿಂಗಾಣಿ ಮೈ ಒಳಗೆ, ಹಿತ್ತಾಳೆ ಹೊರಗೆ ಬರುವಂತೆ ಎದುರುಬದುರು ಇಡಿ. ಎರಡೂ ಪಿಂಗಾಣಿಗಳ ತಂತಿ ಸೇರಿಸಿ ಶೀಲ್ಡೆಡ್ ಕೇಬಲ್ಲಿನ ಒಳತಂತಿಗೆ, ಎರಡೂ ಹಿತ್ತಾಳೆ ಹೊರಜಾಲರಿಗೆ. ಹೊರಗಿನ ಹಿತ್ತಾಳೆ ತಾನೇ ಶೀಲ್ಡ್ ಆಗಿ ಕರೆಂಟ್ ಲೈನಿನ ‘ಹಂ’ ಸದ್ದನ್ನು ತಡೆಯುತ್ತದೆ. ನಡುವಿನ ಜಾಗವನ್ನು ಎಪಾಕ್ಸಿಯಿಂದ ತುಂಬಿ.

ಅದರ ಮೇಲೆ ಎಪಾಕ್ಸಿ ಒಂದೆರಡು ಪದರ ಬಳಿದರೂ ನಡೆಯುತ್ತದೆ. ಇನ್ನೂ ಚೆನ್ನಾಗಿ ಬೇಕಾದರೆ ಸೈಕಲ್ ಟ್ಯೂಬಿನ ಒಂದು ತುಂಡು ತೆಗೆದುಕೊಂಡು, ಒಂದು ತುದಿ ಕಟ್ಟಿ, ಒಳಗೆ ಡಿಸ್ಕ್ ಇಳಿಸಿ, ಹರಳೆಣ್ಣೆ ತುಂಬಿ. ತಲೆಗೆ ಹಚ್ಚುವ ಹರಳೆಣ್ಣೆಯೇ. ಇದು ಅಜ್ಜಿ ಮದ್ದಲ್ಲ. ನೌಕಾಪಡೆಗಳ ಸೋನಾರ್ ಟ್ರಾನ್ಸ್‌ಡ್ಯೂಸರ್‌ಗಳಿಗೂ ಬಹಳ ಕಾಲದಿಂದ ತುಂಬುತ್ತಾ ಬಂದಿರುವ ಎಣ್ಣೆ ಇದೇ. ಅದರಲ್ಲಿ ಶಬ್ದದ ವೇಗ, ಸಾಂದ್ರತೆ ಎರಡೂ ನೀರಿನ ಹತ್ತಿರ ಹತ್ತಿರ. ಹಾಗಾಗಿ ಶಬ್ದ ಎಣ್ಣೆಗೂ ನೀರಿಗೂ ಭೇದ ಮಾಡದೆ ಒಳಗೆ ಬರುತ್ತದೆ. ವಿದ್ಯುತ್ ಹರಿಯುವುದೂ ಇಲ್ಲ. ತೊಂದರೆ ಒಂದೇ, ಎಣ್ಣೆ ಮಂದ. ಸುರಿಯುವಾಗ ಗುಳ್ಳೆ ಹಿಡಿದುಕೊಳ್ಳುತ್ತದೆ. ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ತೆಳುವಾಗಿಸಿ, ಟ್ಯೂಬಿನ ಒಳಬದಿಗೆ ತಾಗಿದಂತೆ ಸಣ್ಣ ಧಾರೆಯಾಗಿ ಇಳಿಸಿ. ರಾತ್ರಿಯಿಡೀ ನೆಟ್ಟಗೆ ನಿಲ್ಲಿಸಿ, ಬೆಳಗ್ಗೆ ಮೇಲೆ ಬಂದ ನೊರೆ ತೆಗೆದು, ಇನ್ನಷ್ಟು ಹಾಕಿ ತುಂಬಿ ತುಳುಕುವಾಗಲೇ ಕೇಬಲ್ ಸಮೇತ ಬಿಗಿಯಾಗಿ ಜಿಪ್ ಟೈ ಎಳೆಯಿರಿ.

ಆಂಪ್ಲಿಫೈಯರ್‌ಗೆ ಟಿಎಲ್072 ಅನ್ನುವ ಆಪ್-ಆಂಪ್ ಐಸಿಯ ಒಂದು ಭಾಗ ಸಾಕು. 9 ವೋಲ್ಟನ್ನು ಎರಡು 10 ಕಿಲೋಓಮ್‌ನಿಂದ ಅರ್ಧ ಮಾಡಿ 10 ಮೈಕ್ರೋಫ್ಯಾರಡ್ ಇಟ್ಟು 4.5 ವೋಲ್ಟ್ ಮಾಡಿಕೊಳ್ಳಿ. ಹೈಡ್ರೋಫೋನಿನ ಒಳತಂತಿ 1 ಕಿಲೋಓಮ್ ಮೂಲಕ ಪ್ಲಸ್ ಇನ್‌ಪುಟ್‌ಗೆ. ಅಲ್ಲಿಂದ 4.5 ವೋಲ್ಟಿಗೆ ಇನ್ನೊಂದು 10 ಕಿಲೋಓಮ್. ಔಟ್‌ಪುಟ್‌ನಿಂದ ಮೈನಸ್ ಇನ್‌ಪುಟ್‌ಗೆ 100 ಕಿಲೋಓಮ್. ಮೈನಸ್ ಇನ್‌ಪುಟ್‌ನಿಂದ ಗ್ರೌಂಡಿಗೆ 1 ಕಿಲೋಓಮ್ ಮತ್ತು 33 ನ್ಯಾನೋಫ್ಯಾರಡ್ ಸೀರೀಸ್‌ನಲ್ಲಿ. ಪೀಜೋಗೆ ಮೆಗಾಓಮ್ ಇನ್‌ಪುಟ್ ಬೇಕು ಅಂತ ಎಲ್ಲ ಕಡೆ ಬರೆದಿರುತ್ತಾರೆ. ತಿಮಿಂಗಿಲದ ಹಾಡು ಕೇಳುವುದಾದರೆ ನಿಜ. ನಮಗೆ ಕೆಳಗಿನ ಗದ್ದಲ ಬೇಡವೇ ಬೇಡ. 10 ಕಿಲೋಓಮ್ ಹಾಕಿದರೆ 400 ಹರ್ಟ್ಸ್‌ಗಿಂತ ಕೆಳಗಿನದು ಅಲ್ಲೇ ಸೋಸಿಹೋಗುತ್ತದೆ, 33 ನ್ಯಾನೋಫ್ಯಾರಡ್ 5 ಕಿಲೋಹರ್ಟ್ಸ್‌ಗಿಂತ ಕೆಳಗಿನದನ್ನು ಮತ್ತೆ ತಗ್ಗಿಸುತ್ತದೆ. ಕೋಲು ದೋಣಿಗೆ ತಗುಲಿದ ‘ಧಡ್’ ಸದ್ದು ಕಿವಿ ಒಡೆಯುವುದಿಲ್ಲ. ಮುಂದೆ 10 ಕಿಲೋಓಮ್ ವಾಲ್ಯೂಮ್, ಹೆಡ್‌ಫೋನ್ ನಡೆಸುವ ಎಲ್‌ಎಂ386 ಆಂಪ್ಲಿಫೈಯರ್ ಐಸಿ, 220 ಮೈಕ್ರೋಫ್ಯಾರಡ್, ಹೆಡ್‌ಫೋನ್. ಫೋನಿನಲ್ಲಿ ಗೆರೆ ನೋಡಬೇಕಾದರೆ ವಿಶೇಷ ಕೇಬಲ್ ಏನೂ ಬೇಡ. ಹೆಡ್‌ಫೋನಿನ ಒಂದು ಕಿವಿಯನ್ನು ಫೋನಿನ ಮೈಕ್‌ಗೆ ಒತ್ತಿ ಹಿಡಿಯಿರಿ.

ದಿಕ್ಕು ಹಿಡಿಯುವ ಕೋಲು

ಸದ್ದು ಕೇಳಿಸಿದರೆ ಅರ್ಧ ಕೆಲಸವೂ ಆಗಿಲ್ಲ. ನೀರೊಳಗೆ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ವೇಗವಾಗಿ ಹೋಗುತ್ತದೆ, ಅದರ ಅಲೆಯೂ ಅಷ್ಟೇ ಉದ್ದ. ಹಾಗಾಗಿ ಪುಟ್ಟ ಹೈಡ್ರೋಫೋನ್ ಒಂದಕ್ಕೆ ಅದು ಎಲ್ಲ ಕಡೆಯಿಂದ ಬಂದಂತೆ ಕೇಳುತ್ತದೆ. ಆಗ ಜನ ಪಿಂಗರ್‌ಗೆ ವೋಲ್ಟೇಜ್ ಏರಿಸುತ್ತಾರೆ, ಆಂಪ್ಲಿಫೈಯರ್‌ಗೆ ಇನ್ನೊಂದು ಸ್ಟೇಜ್ ಸೇರಿಸುತ್ತಾರೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಜೋರಾಗಿ ಕೇಳಿದ ಮಾತ್ರಕ್ಕೆ ದಿಕ್ಕು ತಿಳಿಯುವುದಿಲ್ಲ.

ಬೇಕಾದದ್ದು ಒಂದು ತುಂಡು ಯೋಗಾ ಮ್ಯಾಟ್. ಅದರೊಳಗೆ ತುಂಬಿರುವುದು ಮುಚ್ಚಿದ ಗಾಳಿಗುಳ್ಳೆಗಳು. ನೀರೊಳಗಿನ ಶಬ್ದಕ್ಕೆ ಇದು ಒಳ್ಳೆಯ ಕನ್ನಡಿ. ತೆಳು ಸ್ಟೀಲ್ ತಟ್ಟೆ ಕೂಡ ಇಷ್ಟು ಚೆನ್ನಾಗಿ ತಡೆಯುವುದಿಲ್ಲ. 35 ಸೆಂಟಿಮೀಟರ್ ಚೌಕದ ಗಟ್ಟಿ ಪ್ಲಾಸ್ಟಿಕ್ ಹಲಗೆಗೆ ಮ್ಯಾಟ್ ಅಂಟಿಸಿ. ಅದರ ಮುಂದೆ, ನಟ್ಟನಡುವೆ, ಹೈಡ್ರೋಫೋನ್. ದೂರ 4 ಸೆಂಟಿಮೀಟರ್ ಇರಲಿ. 9 ಕಿಲೋಹರ್ಟ್ಸ್ ಶಬ್ದದ ಅಲೆ ನೀರಿನಲ್ಲಿ ಸುಮಾರು 16.6 ಸೆಂಟಿಮೀಟರ್ ಉದ್ದ, ಅದರ ಕಾಲು ಭಾಗ ಹತ್ತಿರ ಹತ್ತಿರ 4. ಗಾಳಿಯ ಗೋಡೆಗೆ ಬಡಿದ ಅಲೆ ಉಲ್ಟಾ ಆಗಿ ವಾಪಸ್ ಬರುತ್ತದೆ. ಕಾಲಲೆ ಹೋಗಿ ಕಾಲಲೆ ಬಂದು ಮತ್ತೊಮ್ಮೆ ಉಲ್ಟಾ ಆಗಿ, ನೇರವಾಗಿ ಬಂದ ಅಲೆಯ ಜೊತೆ ಸೇರಿಕೊಳ್ಳುತ್ತದೆ. ಹೀಗಾಗಿ ಮುಂದಿನಿಂದ ಜೋರು, ಹಿಂದಿನಿಂದ ಕ್ಷೀಣ. ಫ್ರೀಕ್ವೆನ್ಸಿ ಬದಲಿಸಿದರೆ ಈ ದೂರವನ್ನೂ ಬದಲಿಸಿ.

ಹಲಗೆಯನ್ನು ಎರಡೂವರೆ ಮೀಟರ್ ಪಿವಿಸಿ ಪೈಪಿಗೋ ಬಿದಿರಿಗೋ ಬಿಗಿಯಿರಿ. ಒಂದು ಸೆಂಟಿಮೀಟರ್ ದಪ್ಪದ ಮ್ಯಾಟ್ ಒಂದು ಕಿಲೋಗಿಂತ ಜಾಸ್ತಿ ತೇಲುಬಲ ಕೊಡುತ್ತದೆ, ಕೆಳಗೆ ಕಬ್ಬಿಣದ ತುಂಡೊಂದು ಕಟ್ಟದಿದ್ದರೆ ಕೋಲು ಮೇಲೆ ಮೇಲೆ ಬರುತ್ತಿರುತ್ತದೆ. ಕೋಲಿನ ಮೇಲ್ತುದಿಗೆ, ಹೈಡ್ರೋಫೋನ್ ನೋಡುವ ದಿಕ್ಕಿಗೇ ಒಂದು ಕಡ್ಡಿ ಅಡ್ಡ ಕಟ್ಟಿ. ನೀರಿಗಿಳಿಸುವ ಮುಂಚೆ ಮ್ಯಾಟ್, ಹೈಡ್ರೋಫೋನ್ ಎರಡಕ್ಕೂ ಪಾತ್ರೆ ತೊಳೆಯುವ ಸೋಪಿನ ನೀರು ಸವರಿ. ಇಲ್ಲದಿದ್ದರೆ ಒಣ ಮೈಗೆ ಗಾಳಿಗುಳ್ಳೆ ಅಂಟಿಕೊಂಡು ಅರ್ಧ ಸದ್ದು ನುಂಗುತ್ತದೆ.

ಎರಡು ಹೈಡ್ರೋಫೋನ್, ಎರಡು ಆಂಪ್ಲಿಫೈಯರ್ ಮಾಡುವ ತಾಳ್ಮೆ ಇದ್ದರೆ ಇನ್ನೊಂದು ದಾರಿ ಇದೆ. ತೊಂಬತ್ತು ಸೆಂಟಿಮೀಟರ್ ಕೋಲಿನ ಎರಡು ತುದಿಗೆ ಒಂದೊಂದು ಕಟ್ಟಿ, ಎಡದ್ದು ಎಡಕಿವಿಗೆ, ಬಲದ್ದು ಬಲಕಿವಿಗೆ. ಶಬ್ದ ನಾಲ್ಕು ಪಟ್ಟು ವೇಗ ಅಂದಮೇಲೆ ಕಿವಿಗಳ ನಡುವಿನ ಅಂತರವನ್ನೂ ನಾಲ್ಕು ಪಟ್ಟು ಮಾಡಿದ ಲೆಕ್ಕ. ಮಿದುಳು ಉಳಿದದ್ದನ್ನು ನೋಡಿಕೊಳ್ಳುತ್ತದೆ. ಮೊದಲನೇ ಮಹಾಯುದ್ಧದಲ್ಲಿ ಸಬ್‌ಮರೀನ್ ಹುಡುಕುವವರು ಹೀಗೇ ಎರಡು ಕೊಳವೆ ತಿರುಗಿಸಿ ಕೇಳುತ್ತಿದ್ದರು.

ನೀರಿಗಿಳಿದ ಮೇಲೆ

ಬಕೆಟ್‌ನಲ್ಲಿ ಟೆಸ್ಟ್ ಮಾಡಿ ‘ಸೂಪರ್’ ಅಂತ ಹಿಗ್ಗಬೇಡಿ. ಬಕೆಟ್‌ನಲ್ಲಿ ಎಲ್ಲವೂ ಜೋರಾಗೇ ಕೇಳುತ್ತದೆ, ಗೋಡೆಯಿಂದ ಗೋಡೆಗೆ ಬಡಿದು. ಸೋರುತ್ತಿಲ್ಲ, ಕೂಗುತ್ತಿದೆ ಅನ್ನುವುದು ಗೊತ್ತಾಗಲು ಅಷ್ಟು ಸಾಕು. ಪ್ರೀಸೆಟ್ ತಿರುಗಿಸಿ ಅತಿ ಜೋರು ಎಲ್ಲಿ ಅಂತ ಹುಡುಕುವ ಕೆಲಸ ಮಾತ್ರ ಬಯಲು ನೀರಿನಲ್ಲಿ ಆಗಬೇಕು. ಪಿಂಗರ್, ಹೈಡ್ರೋಫೋನ್ ಎರಡನ್ನೂ ಗೋಡೆ, ತಳ, ಮೇಲ್ಮೈ ಎಲ್ಲದರಿಂದಲೂ ದೂರ ಇಳಿಬಿಡಿ. ಪ್ರೀಸೆಟ್ ಡಬ್ಬಿಯೊಳಗಿದೆ ಅಲ್ವಾ? ಪ್ರತಿ ಸಲ ಎತ್ತಿ, ಒರೆಸಿ, ತೆರೆದು, ಸ್ವಲ್ಪ ತಿರುಗಿಸಿ ಮತ್ತೆ ಇಳಿಸಬೇಕು. ಬೇಜಾರಿನ ಕೆಲಸವೇ. ಆದರೆ ಡಿಸ್ಕ್ ಬಿಲ್ಲೆಗೆ ಅಂಟಿ ನೀರಿಗೆ ತಾಗಿದ ಮೇಲೆ ಅದರ ಇಷ್ಟದ ಸ್ವರ ಎಲ್ಲಿದೆ ಅಂತ ಹೀಗೆ ನೋಡದೆ ಹೇಳಲಾಗದು.

ಹುಡುಕುವಾಗ ಮೊದಲು ದೋಣಿ ಮೋಟರ್ ಆಫ್. ಹಲಗೆಯನ್ನು ಒಂದೂವರೆ ಎರಡು ಮೀಟರ್ ಇಳಿಸಿ. ನಿಧಾನವಾಗಿ ತಿರುಗಿಸಿ, ಒಂದೊಂದು ದಿಕ್ಕಿನಲ್ಲಿ ಎರಡು ಮೂರು ಟಿಕ್ ಕೇಳುವವರೆಗೂ ನಿಲ್ಲಿ. ಅತಿ ಜೋರು ಎಲ್ಲಿ ಅಂತ ನೇರವಾಗಿ ಹೇಳುವುದು ಕಷ್ಟ. ಎಡಕ್ಕೆ ತಿರುಗಿಸುತ್ತಾ ಸದ್ದು ಸೋಲುವ ಕೋನ ಗುರುತು ಮಾಡಿ, ಬಲಕ್ಕೆ ತಿರುಗಿಸುತ್ತಾ ಸೋಲುವ ಕೋನ ಗುರುತು ಮಾಡಿ. ಎರಡರ ನಡುವೆ ಇರುವುದೇ ದಿಕ್ಕು. ಫೋನಿನ ಕಂಪಾಸ್‌ನಲ್ಲಿ ಅಂಕಿ ಬರೆದುಕೊಳ್ಳಿ, ಹೆಡ್‌ಫೋನಿನ ಅಯಸ್ಕಾಂತದಿಂದ ದೂರ ಇಟ್ಟು.

ಈಗ ದಡದಲ್ಲಿ ಬೇರೆ ಜಾಗಕ್ಕೆ ಹೋಗಿ, ಇದನ್ನೇ ಮಾಡಿ. ಎರಡು ಗೆರೆ ಆದಷ್ಟು ಲಂಬವಾಗಿ ಕತ್ತರಿಸುವ ಹಾಗೆ ಜಾಗ ಆರಿಸಿ. ನಕ್ಷೆಯ ಮೇಲೆ ಗೆರೆ ಎಳೆದರೆ ಕೂಡುವ ಜಾಗದ ಸುತ್ತ ಹುಡುಕಾಟ. 10 ಡಿಗ್ರಿ ತಪ್ಪಿದರೆ 50 ಮೀಟರ್ ದೂರದಲ್ಲಿ 9 ಮೀಟರ್ ಆಚೀಚೆ, 20 ಮೀಟರ್‌ನಲ್ಲಿ ಮೂರೂವರೆ. ಹಾಗಾಗಿ ಒಂದೇ ಸಲಕ್ಕೆ ಕರಾರುವಾಕ್ಕಾಗಿ ಹಿಡಿಯುವ ಆಸೆ ಬಿಟ್ಟು, ಹತ್ತಿರ ಹೋಗಿ ಮತ್ತೆ ಅಳೆಯುವುದು ಲೇಸು. ಕೊನೆಗೆ ಹಲಗೆಯನ್ನು ತಳದ ಕಡೆ ಮುಖ ಮಾಡಿ ಹಿಡಿದು ದೋಣಿ ಸರಿಸುತ್ತಾ ಹೋಗಿ.

ಸಣ್ಣ ಹೊಂಡ, ಕಾಂಕ್ರೀಟ್ ತೊಟ್ಟಿಗಳಲ್ಲಿ ಎಲ್ಲ ಕಡೆಯಿಂದಲೂ ಸದ್ದು ಬಂದಂತಾಗುತ್ತದೆ. 20 ಮಿಲಿಸೆಕೆಂಡಿನ ಪಿಂಗ್ ಅಂದರೆ ನೀರಿನಲ್ಲಿ 30 ಮೀಟರ್ ಉದ್ದದ ಸದ್ದಿನ ಬಾಲ. 15 ಮೀಟರ್ ಅಗಲದ ಹೊಂಡದಲ್ಲಿ ಅದು ಮುಗಿಯುವ ಮುಂಚೆಯೇ ಪ್ರತಿಧ್ವನಿ ಬಂದು ಬೆರೆಯುತ್ತದೆ. ಅಂಥ ಕಡೆ 47 ಕಿಲೋಓಮ್ ಬದಲು 4.7 ಕಿಲೋಓಮ್ ಹಾಕಿ, ಪಿಂಗ್ ಎರಡು ಮಿಲಿಸೆಕೆಂಡಿಗೆ ಇಳಿಯುತ್ತದೆ. ಹಾಡಿನಂತಿದ್ದದ್ದು ಚಿಟಿಕೆಯಂತಾಗುತ್ತದೆ. ಮೊದಲು ಬಂದ ಚಿಟಿಕೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬೇಸಿಗೆ ಮಧ್ಯಾಹ್ನ ಇನ್ನೊಂದು ತಕರಾರು. ಮೇಲಿನ ನೀರು ಕಾದಿರುತ್ತದೆ, ಕೆಳಗೆ ತಂಪು. ಶಬ್ದ ನಿಧಾನವಿರುವ ಕಡೆಗೆ, ಅಂದರೆ ತಂಪಿನ ಕಡೆಗೆ ಬಾಗುತ್ತದೆ. ಮೇಲೆ ಏನೂ ಕೇಳದಿದ್ದರೆ ‘ಸತ್ತಿದೆ’ ಅಂತ ತೀರ್ಮಾನಿಸಬೇಡಿ. ಹೈಡ್ರೋಫೋನನ್ನು ಹಗ್ಗಕ್ಕೆ ಕಟ್ಟಿ ಇನ್ನೂ ಆಳಕ್ಕೆ ಇಳಿಸಿ ನೋಡಿ, ಇಲ್ಲವೇ ಬೆಳಗ್ಗೆ ಬೇಗ ಬನ್ನಿ. ಕರಾವಳಿಯಲ್ಲಿ ಬಂಡೆಗಳಿರುವ ಕಡೆ ಒಂದೇ ಸಮನೆ ಚಟಚಟ ಸದ್ದು ಕೇಳಿದರೆ ಸರ್ಕ್ಯೂಟ್ ದೋಷ ಅಲ್ಲ. ಉಗುರು ಚಿಟಿಕೆ ಹೊಡೆಯುವ ಜಾತಿಯ ಸಣ್ಣ ಸಿಗಡಿಗಳ ಗಲಾಟೆ ಅದು. ಸೆಕೆಂಡಿಗೊಮ್ಮೆ ತಾಳ ತಪ್ಪದೆ ಬರುವುದು ಯಾವುದೋ ಅದು ನಿಮ್ಮದು.

ದೂರವನ್ನೂ ಅಳೆಯಬಹುದಾ?

ಆಗುತ್ತದೆ. ಪಿಂಗರ್‌ನಲ್ಲೂ ದಡದಲ್ಲೂ ಒಂದೇ ಸಮಯ ತೋರುವ ಗಡಿಯಾರ ಇಟ್ಟು, ಟಿಕ್ ಎಷ್ಟು ತಡವಾಗಿ ಬಂತು ಅಂತ ನೋಡಿದರೆ ದೂರ ಸಿಗುತ್ತದೆ. ಇಲ್ಲಿ ಮೈಕ್ರೋಕಂಟ್ರೋಲರ್ ಬೇಕೇ ಬೇಕು. ತೊಡಕು ಗಡಿಯಾರದ್ದು. ಮಾಮೂಲಿ ಕ್ರಿಸ್ಟಲ್ ಹತ್ತು ಲಕ್ಷಕ್ಕೆ 20 ಪಾಲು ಹೆಚ್ಚುಕಮ್ಮಿ ಓಡುತ್ತದೆ. ಕೇಳಲು ಏನೂ ಅಲ್ಲ, ಆದರೆ ಗಂಟೆಗೆ 72 ಮಿಲಿಸೆಕೆಂಡ್, ಅಂದರೆ ನೀರಿನಲ್ಲಿ ನೂರು ಮೀಟರ್ ದಾಟಿದ ತಪ್ಪು. ಡಿಎಸ್3231 ಅನ್ನುವ ಗಡಿಯಾರ ಮಾಡ್ಯೂಲ್ ಇದಕ್ಕಿಂತ ಹತ್ತು ಪಟ್ಟು ವಾಸಿ, ಗಂಟೆಗೆ ಸುಮಾರು 11 ಮೀಟರಿನ ಒಳಗೆ ನಿಲ್ಲುತ್ತದೆ. ಅರ್ಧ ಗಂಟೆಯ ಡೈವ್‌ಗೆ ಪರವಾಗಿಲ್ಲ. ಕಳೆದುಹೋಗಿ ಮೂರು ದಿನವಾದ ಸಬ್‌ಮರೀನ್‌ಗೆ ಉಪಯೋಗವಿಲ್ಲ. ಕಾಲೇಜು ತಂಡಗಳು ರೋಬೋಸಬ್ ಅನ್ನುವ ನೀರೊಳಗಿನ ರೋಬೋಟ್‌ಗಳ ಸ್ಪರ್ಧೆಯಲ್ಲಿ 25ರಿಂದ 40 ಕಿಲೋಹರ್ಟ್ಸ್ ಪಿಂಗರ್ ಹುಡುಕುವಾಗ ಬೇರೆ ದಾರಿ ಹಿಡಿಯುತ್ತವೆ. ಮೂರು ನಾಲ್ಕು ಹೈಡ್ರೋಫೋನ್ ಒತ್ತೊತ್ತಾಗಿ ಇಟ್ಟು, ಒಂದರಿಂದ ಒಂದಕ್ಕೆ ಶಬ್ದ ತಲುಪುವ ವ್ಯತ್ಯಾಸದಿಂದ ದಿಕ್ಕು ಲೆಕ್ಕ ಹಾಕುತ್ತವೆ. ಅದು ವೇಗದ ಎಡಿಸಿ (ಸಿಗ್ನಲ್ಲನ್ನು ಅಂಕಿಗಳಾಗಿಸುವ ಚಿಪ್), ಪ್ರೋಗ್ರಾಮಿಂಗ್ ಎಲ್ಲ ಬೇಡುವ ಕೆಲಸ, ಯೋಗಾ ಮ್ಯಾಟ್ ಸಾಲದು.

ಸಿಕ್ಕಿದ ಮೇಲೆ

ಜಾಗ ಗೊತ್ತಾದ ತಕ್ಷಣ ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು, ಮೇಲ್ತುದಿಗೆ ಖಾಲಿ ಬಾಟಲಿ ಕಟ್ಟಿ. ದೋಣಿ ಗಾಳಿಗೆ ಸರಿದರೂ ಗುರುತು ಉಳಿಯುತ್ತದೆ. ಎತ್ತಲು ಬಾವಿಯ ಕೊಡ ತೆಗೆಯುವ ಪಾತಾಳಗರಡಿ ಸಾಕು. ಸಬ್‌ಮರೀನ್ ಬೆನ್ನಿಗೆ ಮೊದಲೇ ಒಂದು ದೊಡ್ಡ ನೈಲಾನ್ ಹಗ್ಗದ ಕುಣಿಕೆ ಹಾಕಿ, ಚೂರು ಫೋಮ್‌ನಿಂದ ಅದು ಮೇಲಕ್ಕೆ ನಿಲ್ಲುವಂತೆ ಮಾಡಿದ್ದರೆ ಕೊಕ್ಕೆ ಸಿಕ್ಕಿಕೊಳ್ಳುವುದು ಸುಲಭ. ಕ್ವಾರಿ ಹೊಂಡಕ್ಕೆ ಮಾತ್ರ ನೀವು ಇಳಿಯಬೇಡಿ. ಅಂಚು ಕಡಿದಾಗಿರುತ್ತದೆ, ಕಾಲಿಡಲು ತಳ ಸಿಗುವುದಿಲ್ಲ. ದೋಣಿಯಲ್ಲೂ ಲೈಫ್ ಜಾಕೆಟ್ ಹಾಕಿಕೊಂಡೇ ಇರಿ.

ಕೆರೆ ಯಾರ ಸುಪರ್ದಿಯಲ್ಲಿದೆಯೋ ಆ ಪಂಚಾಯಿತಿಯನ್ನೋ ಇಲಾಖೆಯನ್ನೋ ಮೊದಲೇ ಕೇಳಿ. ಅಣೆಕಟ್ಟುಗಳ ಹತ್ತಿರ ಇದನ್ನೆಲ್ಲ ತೆಗೆದುಕೊಂಡು ಹೋಗಬೇಡಿ. ಕಾರವಾರದಲ್ಲಿ ನೌಕಾನೆಲೆ ಇದೆ. ಅಲ್ಲಿಯ ಸಮುದ್ರದಲ್ಲಿ ಮನೆಯಲ್ಲಿ ಮಾಡಿದ ಪಿಂಗರ್, ಹೈಡ್ರೋಫೋನ್ ಇಳಿಬಿಟ್ಟರೆ ನಿಮ್ಮನ್ನು ಹುಡುಕಿಕೊಂಡು ಬರುವವರು ಬೇರೆಯವರೇ ಇರುತ್ತಾರೆ.